ತಲೆಗೆ ಪೆಟ್ಟು: ಡಿಸ್ಚಾರ್ಜ್ ಆಗಿ ಮನೆಗೆ ಬಂದ ಮೇಲೆ ಶುರುವಾಗೋದೇ ಬೇರೆ

ಹುಳಿಯಾರು: ಬೈಕಿಂದಲೋ ತೆಂಗಿನ ಮರದಿಂದಲೋ ಬಿದ್ದು ತಲೆಗೆ ಪೆಟ್ಟಾದವರನ್ನ ಬೆಂಗಳೂರಿಗೆ ಸಾಗಿಸಿದಾಗ ಊರಿಗೆ ಊರೇ ವಿಚಾರಿಸುತ್ತೆ. ಆಪರೇಷನ್ ಆಗಿ, ಪ್ರಾಣಾಪಾಯ ಇಲ್ಲ ಅಂತ ಗೊತ್ತಾಗಿ, ಆಂಬುಲೆನ್ಸ್ ವಾಪಸ್ ಮನೆ ಮುಂದೆ ಬಂದು ನಿಂತ ಮೇಲೆ ವಿಚಾರಿಸೋರು ಕಮ್ಮಿ ಆಗ್ತಾರೆ. ಮನೆಯವರ ಕಷ್ಟ ಶುರುವಾಗೋದೇ ಆಗ.

ನಮ್ಮ ಸಂಬಂಧದಲ್ಲೇ ಒಬ್ಬರಿಗೆ ಹೀಗಾಗಿ ಒಂದೂವರೆ ವರ್ಷ ಆಗ್ತಾ ಬಂತು. ಮೊದಲು ಕಣ್ಣು ಬಿಟ್ಟರು, ಆಮೇಲೆ ಹೇಳಿದಾಗ ಬೆರಳು ಮಡಚಿದರು, ಮೂರನೇ ತಿಂಗಳಲ್ಲಿ ಮಗಳ ಹೆಸರು ಹೇಳಿದರು. ಈಗ ನಡೀತಾರೆ, ಕೈಯಾರೆ ಊಟ ಮಾಡ್ತಾರೆ. ನೋಡೋಕೆ ಬಂದವರು ಪೂರ್ತಿ ಹುಷಾರಾದ್ರು ಅಂತಾರೆ. ಆದರೆ ಬೆಳಗ್ಗೆ ತಿಂದ ತಿಂಡಿ ಹತ್ತು ಗಂಟೆಗೆ ನೆನಪಿರಲ್ಲ. ಮಿಕ್ಸಿ ಸದ್ದಿಗೆ ರೇಗ್ತಾರೆ. ದಿನಾ ಕೊಬ್ಬರಿ ರೇಟು ಕೇಳ್ತಿದ್ದ ಮನುಷ್ಯ ತೋಟದ ಮಾತೇ ಎತ್ತಲ್ಲ. ಸೋಮಾರಿತನ, ನಾಟಕ ಅಂದವರೂ ಇದ್ದಾರೆ.

ಅದು ನಾಟಕ ಅಲ್ಲ. ಹಣೆಯ ಹಿಂದಿರೋ ಮೆದುಳಿನ ಭಾಗವೇ ಸಿಟ್ಟು ತಡೆಯೋದು, ಕೆಲಸ ಶುರು ಮಾಡೋಕೆ ಮನಸ್ಸು ಕೊಡೋದು. ಅಲ್ಲಿ ಪೆಟ್ಟಾದರೆ ಕೈಕಾಲು ಸರಿಯಿದ್ರೂ ಮನುಷ್ಯ ಬೇರೆ ಥರ ಕಾಣ್ತಾನೆ. ಎಡಭಾಗದಲ್ಲಿ ಆದರೆ ಬಲಗೈ, ಬಲಗಾಲು ಸೋಲಬಹುದು, ಮಾತೂ ಹೋಗಬಹುದು. ಕಾಲು ಮುರಿದರೆ ಪಟ್ಟಿ ಕಾಣುತ್ತೆ, ಜನ ಅರ್ಥ ಮಾಡ್ಕೋತಾರೆ. ಇದಕ್ಕೆ ಕಾಣೋ ಪಟ್ಟಿ ಇಲ್ಲ, ಅಷ್ಟೇ ವ್ಯತ್ಯಾಸ.

ಡಿಸ್ಚಾರ್ಜ್ ಚೀಟಿಯಲ್ಲಿ ಜಿಸಿಎಸ್ ಅಂತ ಒಂದು ನಂಬರ್ ಇರುತ್ತೆ. ಕಣ್ಣು ಬಿಡೋದಕ್ಕೆ 4, ಮಾತಿಗೆ 5, ಕೈಕಾಲು ಆಡಿಸೋದಕ್ಕೆ 6, ಒಟ್ಟು 15 ಅಂಕ. ಸೊನ್ನೆ ಇರಲ್ಲ, ಕನಿಷ್ಠ 3. ಎಂಟು ಅಥವಾ ಅದಕ್ಕಿಂತ ಕಮ್ಮಿ ಇದ್ದರೆ ತೀವ್ರ ಪೆಟ್ಟು. ಆದರೆ 15 ಬಂತು ಅಂದ್ರೆ ಗುಣವಾಯ್ತು ಅಂತಲ್ಲ. ನೆನಪು, ಸಿಟ್ಟು, ಸುಸ್ತು ಇದ್ಯಾವುದನ್ನೂ ಆ ನಂಬರ್ ಅಳೆಯೋದಿಲ್ಲ.

ಎತ್ತರದಿಂದ ಬಿದ್ದು ಎದ್ದು ಬಂದವರೂ ಇದ್ದಾರೆ. ಕೇರಳದ ಶಾಸಕಿ ಉಮಾ ಥಾಮಸ್ 2024ರ ಡಿಸೆಂಬರ್ 29ರಂದು ಕೊಚ್ಚಿಯ ಸ್ಟೇಡಿಯಂ ವೇದಿಕೆಯಿಂದ ಸುಮಾರು 15 ಅಡಿ ಕೆಳಗೆ ಬಿದ್ದರು. ತಲೆಗೆ ಪೆಟ್ಟಾಗಿ ವೆಂಟಿಲೇಟರ್‌ನಲ್ಲಿದ್ದವರು ಫೆಬ್ರವರಿಯಲ್ಲಿ ಮನೆಗೆ ಮರಳಿದರು. 15 ಅಡಿಗೇ ಹಾಗಾದರೆ ನಮ್ಮ ತಿಪಟೂರು ಟಾಲ್ ಮರದ ಎತ್ತರ ಎಷ್ಟು ಅಂತ ಇಲ್ಲಿಯವರಿಗೆ ಹೇಳಬೇಕಿಲ್ಲ. ಅವರಿಗಾಯ್ತು, ನಮ್ಮವರಿಗೆ ಯಾಕಾಗಲಿಲ್ಲ ಅಂತ ಹೋಲಿಸೋಕೂ ಹೋಗಬಾರದು, ಪೆಟ್ಟು ಒಬ್ಬೊಬ್ಬರಿಗೆ ಒಂದೊಂದು ಥರ. ಸಾಮಾನ್ಯವಾಗಿ ಮೊದಲ ಆರು ತಿಂಗಳು ಸುಧಾರಣೆ ಜೋರು, ಆಮೇಲೆ ನಿಧಾನ, ಆದರೆ ವರ್ಷಗಟ್ಟಲೆ ಆಗ್ತಾನೇ ಇರುತ್ತೆ. ಒಂದು ನೋಟ್‌ಬುಕ್ಕಿನಲ್ಲಿ ವಾರಕ್ಕೊಮ್ಮೆ ಏನು ಹೊಸದಾಗಿ ಮಾಡಿದರು ಅಂತ ಬರೆದಿಡಿ. ದಿನಾ ನೋಡೋರಿಗೆ ಗೊತ್ತಾಗದ್ದು ಅದರಲ್ಲಿ ಕಾಣುತ್ತೆ, ಡಾಕ್ಟರಿಗೂ ಅನುಕೂಲ.

ಮನೇಲಿ ಮಾಡೋದು ಬಹಳ ದೊಡ್ಡದೇನಲ್ಲ. ಒಂದು ಸಲಕ್ಕೆ ಒಂದೇ ಮಾತು ಹೇಳಿ, ಉತ್ತರಕ್ಕೆ ಕಾಯಿರಿ. ತಿಂಡಿ, ಸ್ನಾನ, ವ್ಯಾಯಾಮ ದಿನಾ ಅದೇ ಹೊತ್ತಿಗೆ ಇರಲಿ. ಹಾಸಿಗೆ ಹಿಡಿದವರಾದರೆ ಎರಡು ಗಂಟೆಗೊಮ್ಮೆ ಮಗ್ಗಲು ಬದಲಿಸಲೇಬೇಕು. ನೀರು ಕುಡಿದಾಗ ಕೆಮ್ಮು ಬಂದರೆ ಶ್ವಾಸಕೋಶಕ್ಕೆ ಹೋಗ್ತಿರಬಹುದು. ಡಾಕ್ಟರಿಗೆ ತೋರಿಸಿ. ಮಲಗಿಸಿ ಏನೂ ಕುಡಿಸಬೇಡಿ. ಫಿಟ್ಸ್ ಮಾತ್ರೆಯನ್ನ ನೀವಾಗಿಯೇ ನಿಲ್ಲಿಸಬೇಡಿ. ಚೆನ್ನಾಗಿದ್ದವರು ಮತ್ತೆ ಮಂಕಾದರೆ, ತಲೆನೋವು ಏರ್ತಾ ವಾಂತಿಯಾದರೆ ನಾಳೆ ನೋಡೋಣ ಅನ್ನಬೇಡಿ, ಕೂಡಲೇ ಆಸ್ಪತ್ರೆಗೆ ಹೊರಡಿ.

ದುಡ್ಡಿನ ವಿಷಯಕ್ಕೆ ಬಂದರೆ, ಗುಬ್ಬಿ ಕಡೆಯ ಹರೀಶ್ ಹೆಸರಲ್ಲಿ 2016ರಲ್ಲಿ ಬಂದ ರಾಜ್ಯದ ಸಾಂತ್ವನ ಯೋಜನೆ ಮಾಡಿದ್ದು ಮೊದಲ 48 ಗಂಟೆಗೆ. 2025ರ ಕೇಂದ್ರದ ನಗದುರಹಿತ ಚಿಕಿತ್ಸೆ ಯೋಜನೆ ರಸ್ತೆ ಅಪಘಾತಕ್ಕೆ ಏಳು ದಿನ, ಒಂದೂವರೆ ಲಕ್ಷದವರೆಗೆ. ಮರ ಹತ್ತೋರಿಗೆ ತೆಂಗು ಅಭಿವೃದ್ಧಿ ಮಂಡಳಿಯ ಕೇರ ಸುರಕ್ಷಾ ವಿಮೆ ಇದೆ, ಆದರೆ ಮೊದಲೇ ಮಾಡಿಸಿರಬೇಕು. ಎಂಟನೇ ದಿನದಿಂದ ಫಿಸಿಯೋಥೆರಪಿ, ಬಸ್ ಚಾರ್ಜು, ಕೂಲಿ ಬಿಟ್ಟು ಜೊತೆಗೆ ಕೂರೋರ ಖರ್ಚು ಹೆಚ್ಚಾಗಿ ಮನೆಯವರ ತಲೆ ಮೇಲೆ. ನನ್ನ ಪ್ರಕಾರ ಯೋಜನೆಗಳ ದೊಡ್ಡ ತೂತು ಇದೇ.

ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ನರ ಪುನರ್ವಸತಿಗೆ ಪ್ರತ್ಯೇಕ ವಿಭಾಗ ಇದೆ. ಮಾತು ಹೋದವರಿಗೆ ಮೈಸೂರಿನ ವಾಕ್ ಶ್ರವಣ ಸಂಸ್ಥೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ನರದ ತೊಂದರೆಯಿಂದ ಶಾಶ್ವತವಾಗಿ ಮಾತು ಹೋಗೋದೂ ಅಂಗವೈಕಲ್ಯವೇ, ಯುಡಿಐಡಿ ಕಾರ್ಡಿಗೆ ಅರ್ಜಿ ಹಾಕಬಹುದು. ನೋಡ್ಕೊಳ್ಳೋರಿಗೆ ನಿದ್ದೆ ಇಲ್ಲದೆ, ಮನಸ್ಸು ಕುಗ್ಗಿ ಹೋದರೆ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡ್ತಾರೆ, ದುಡ್ಡಿಲ್ಲ.