ನುಸುಳುವಿಕೆ ಸಹಿಷ್ಣುತೆ (ಗಣಕ ಸುರಕ್ಷತೆ)

ನುಸುಳುವಿಕೆ ಸಹಿಷ್ಣುತೆ ಎಂಬುದು ದಾಳಿಕೋರರು ಯಾರಿಗೂ ತಿಳಿಯದಂತೆ ಒಳಹೊಕ್ಕ ಮೇಲೂ ಗಣಕ ವ್ಯವಸ್ಥೆಯು ತನ್ನ ಮುಖ್ಯ ಸೇವೆಯನ್ನು ಸರಿಯಾಗಿ ನಡೆಸುವಂತೆ ಅದನ್ನು ರೂಪಿಸುವ ವಿಧಾನ. ಫೈರ್‌ವಾಲ್ ಮತ್ತು ಪಾಸ್‌ವರ್ಡ್‌ಗಳು ಪ್ರವೇಶವನ್ನು ತಡೆಯುತ್ತವೆ. ಪತ್ತೆ ತಂತ್ರಾಂಶಗಳು ಒಳಬಂದವರನ್ನು ಗುರುತಿಸುತ್ತವೆ. ಇವೆರಡೂ ಕೆಲವೊಮ್ಮೆ ವಿಫಲವಾಗುತ್ತವೆ ಎಂಬ ಗ್ರಹಿಕೆಯೇ ಈ ವಿಧಾನದ ತಳಹದಿ.

ಹಿನ್ನೆಲೆ

ಯಂತ್ರದೋಷಗಳನ್ನು ತಾಳಿಕೊಳ್ಳುವ ವ್ಯವಸ್ಥೆಗಳ ಅಧ್ಯಯನದಿಂದ ಈ ಪರಿಕಲ್ಪನೆ ಬೆಳೆಯಿತು. 1982ರಲ್ಲಿ ಲೆಸ್ಲಿ ಲ್ಯಾಂಪೋರ್ಟ್, ರಾಬರ್ಟ್ ಶೋಸ್ಟಾಕ್ ಮತ್ತು ಮಾರ್ಷಲ್ ಪೀಸ್ ಅವರು 'ಬೈಜಾಂಟೈನ್ ಸೇನಾಪತಿಗಳ ಸಮಸ್ಯೆ'ಯನ್ನು ಮಂಡಿಸಿದರು. ಸೇನಾಪತಿಗಳಲ್ಲಿ ಕೆಲವರು ದ್ರೋಹಿಗಳಾಗಿದ್ದರೂ ಉಳಿದವರು ಒಮ್ಮತಕ್ಕೆ ಬರುವುದು ಹೇಗೆ ಎಂಬುದು ಅದರ ಪ್ರಶ್ನೆ. 1985ರಲ್ಲಿ ಫ್ರಾಗಾ ಮತ್ತು ಪೊವೆಲ್ ನುಸುಳುವಿಕೆಯನ್ನು ತಾಳಿಕೊಳ್ಳುವ ಕಡತ ವ್ಯವಸ್ಥೆಯನ್ನು ವಿವರಿಸಿದರು. 1999ರಲ್ಲಿ ಮಿಗೆಲ್ ಕ್ಯಾಸ್ಟ್ರೊ ಮತ್ತು ಬಾರ್ಬರಾ ಲಿಸ್ಕೋವ್ ಅವರು ಬೈಜಾಂಟೈನ್ ಒಮ್ಮತವನ್ನು ಬಳಕೆಗೆ ಯೋಗ್ಯವಾಗುವಷ್ಟು ವೇಗದಲ್ಲಿ ಸಾಧಿಸುವ ಕ್ರಮವಿಧಿಯನ್ನು ನೀಡಿದರು.

ಮುಖ್ಯ ತಂತ್ರಗಳು

ಪ್ರತಿರೂಪಗಳು: ಒಂದೇ ಸೇವೆಯನ್ನು ಹಲವು ಸರ್ವರ್‌ಗಳು ನಡೆಸುತ್ತವೆ. ಒಂದು ಸರ್ವರ್ ವೈರಿಯ ವಶವಾದರೂ ಕೆಲಸ ಕೆಡದಿರಲು ಒಟ್ಟು 4, ಎರಡು ವಶವಾದರೂ ಕೆಡದಿರಲು ಒಟ್ಟು 7 ಸರ್ವರ್‌ಗಳು ಬೇಕು. ಕೆಟ್ಟದ್ದು ಯಾವುದೆಂದು ಗುರುತಿಸುವ ಅಗತ್ಯವಿಲ್ಲ.

ವೈವಿಧ್ಯ: ಎಲ್ಲ ಸರ್ವರ್‌ಗಳಲ್ಲೂ ಒಂದೇ ತಂತ್ರಾಂಶವಿದ್ದರೆ ಒಂದೇ ಲೋಪದಿಂದ ಎಲ್ಲವೂ ವಶವಾಗಬಹುದು. ಆದ್ದರಿಂದ ಭಿನ್ನ ಕಾರ್ಯಾಚರಣ ವ್ಯವಸ್ಥೆಗಳನ್ನು ಬಳಸಲಾಗುತ್ತದೆ.

ರಹಸ್ಯ ಹಂಚಿಕೆ: ಆದಿ ಶಮೀರ್ 1979ರಲ್ಲಿ ಪ್ರಕಟಿಸಿದ ವಿಧಾನದಲ್ಲಿ ಗೂಢಲಿಪಿಯ ಕೀಲಿಯನ್ನು, ಉದಾಹರಣೆಗೆ, 5 ಪಾಲುಗಳಾಗಿ ಹಂಚಬಹುದು. ಯಾವುದೇ 3 ಪಾಲುಗಳು ಸೇರಿದರೆ ಕೀಲಿ ದೊರೆಯುತ್ತದೆ. 2 ಪಾಲು ಕದ್ದವರಿಗೆ ಏನೂ ತಿಳಿಯದು.

ಆವರ್ತಕ ಶುದ್ಧೀಕರಣ: ಸಂಶಯವಿರಲಿ ಇಲ್ಲದಿರಲಿ, ಸರ್ವರ್‌ಗಳನ್ನು ಸರದಿಯಂತೆ ಹಿಂತೆಗೆದು ಶುದ್ಧ ಪ್ರತಿಯಿಂದ ಮರುಸ್ಥಾಪಿಸಲಾಗುತ್ತದೆ. ಇದರಿಂದ ನುಸುಳಿದವರು ಒಳಗಿರುವ ಅವಧಿ ಮೊಟಕಾಗುತ್ತದೆ.

ಕರ್ನಾಟಕದ ಒಂದು ಪ್ರಕರಣ

2019ರಲ್ಲಿ ಕರ್ನಾಟಕ ಸರ್ಕಾರದ ಇ-ಪ್ರೊಕ್ಯೂರ್‌ಮೆಂಟ್ ಜಾಲತಾಣಕ್ಕೆ ಕನ್ನ ಹಾಕಿ, ಗುತ್ತಿಗೆದಾರರ ಮುಂಗಡ ಠೇವಣಿಗೆ (ಇಎಂಡಿ) ಸೇರಿದ ಸುಮಾರು 11.5 ಕೋಟಿ ರೂಪಾಯಿಯನ್ನು ಅನ್ಯ ಖಾತೆಗಳಿಗೆ ವರ್ಗಾಯಿಸಲಾಯಿತು. ಸಿಐಡಿ ತನಿಖೆ ಕೈಗೊಂಡಿತು. ಇಂತಹ ಸೇವೆಗೆ ಸಹಿಷ್ಣುತೆಯ ತತ್ವವನ್ನು ಅನ್ವಯಿಸಿದರೆ, ಮರುಪಾವತಿಯ ಪಟ್ಟಿಯನ್ನು ಸಿದ್ಧಪಡಿಸುವ ಗಣಕಕ್ಕೆ ಹಣ ಬಿಡುಗಡೆ ಮಾಡುವ ಅಧಿಕಾರ ಇರುವುದಿಲ್ಲ. ಟೆಂಡರ್ ಸಲ್ಲಿಸುವಾಗ ದಾಖಲಾದ ಖಾತೆ ಸಂಖ್ಯೆಯೊಂದಿಗೆ ಪಟ್ಟಿಯನ್ನು ಮತ್ತೊಂದು ಸ್ವತಂತ್ರ ಗಣಕವು ತಾಳೆ ನೋಡುತ್ತದೆ. ಹಣ ಕದಿಯಲು ಎರಡೂ ವ್ಯವಸ್ಥೆಗಳನ್ನು ಭೇದಿಸಬೇಕಾಗುತ್ತದೆ.

ಮಿತಿಗಳು

ಹೆಚ್ಚುವರಿ ಯಂತ್ರಗಳಿಂದ ಖರ್ಚೂ ನಿರ್ವಹಣೆಯ ಹೊರೆಯೂ ಏರುತ್ತವೆ. ಲೆಕ್ಕ ಹಾಕಿದ್ದಕ್ಕಿಂತ ಹೆಚ್ಚು ಸರ್ವರ್‌ಗಳು ವಶವಾದರೆ ರಕ್ಷಣೆ ಉಳಿಯದು. ಅಧಿಕೃತ ಸಿಬ್ಬಂದಿಯ ಪಾಸ್‌ವರ್ಡ್ ಕದ್ದು ನೀಡಿದ ಆದೇಶವನ್ನು ಸುಸ್ಥಿತಿಯಲ್ಲಿರುವ ಪ್ರತಿರೂಪಗಳೂ ಪಾಲಿಸುತ್ತವೆ. ಹೀಗಾಗಿ ಸಹಿಷ್ಣುತೆಯು ತಡೆ ಮತ್ತು ಪತ್ತೆ ಕ್ರಮಗಳಿಗೆ ಪೂರಕವೇ ಹೊರತು ಪರ್ಯಾಯವಲ್ಲ.