ತರಗತಿಯ ವರ್ತಮಾನ

ಸಂಜೆ ಬಾನುಲಿಯಲ್ಲಿ ವಾರ್ತೆ ಆರಂಭವಾಯಿತೆಂದರೆ ಮನೆಯಲ್ಲಿ ಮಾತಾಡುವ ಮಕ್ಕಳಿಗೆ “ಉಶ್!” ಎನ್ನುವುದು ನಮ್ಮೆಲ್ಲರ ರೂಢಿ. ಅದೇ ಹೊತ್ತಿಗೆ ಶಾಲೆಯಿಂದ ಬಂದ ಮಗು ತನ್ನದೊಂದು ವಾರ್ತೆಯನ್ನು ನಾಲಗೆಯ ತುದಿಯಲ್ಲಿಟ್ಟುಕೊಂಡು ನಿಂತಿರುತ್ತದೆ. ಕಿಟಕಿಯಲ್ಲಿ ಗುಬ್ಬಿ ಗೂಡು ಕಟ್ಟಿದ್ದು, ತರಗತಿಯಲ್ಲಿ ಒದ್ದೆ ಬಟ್ಟೆಗೆ ಕಟ್ಟಿಟ್ಟ ಹೆಸರುಕಾಳು ಬಾಲ ಬಿಟ್ಟಿದ್ದು, ಇಂಥವು. ವಾರ್ತೆ ಮುಗಿದ ಮೇಲೆ ನಾವು “ಇವೊತ್ತು ಏನು ಕಲಿತೆ?” ಎಂದು ಕೇಳುತ್ತೇವೆ. “ಏನೂ ಇಲ್ಲ” ಎಂದು ಉತ್ತರ ಬರುತ್ತದೆ. ಗುಬ್ಬಿಯೂ ಹೆಸರುಕಾಳೂ ಕಲಿಕೆಯೆಂಬುದು ಮಗುವಿಗೆ ಗೊತ್ತಿಲ್ಲ. ನಮಗೆ ಗೊತ್ತಿರುವುದೂ ಅಷ್ಟಕ್ಕಷ್ಟೆ.

ಇಂಥ ಚಿಲ್ಲರೆ ಸುದ್ದಿಗಳಿಂದಲೇ ಓದುಬರೆಹ ಕಲಿಸಬಹುದೆಂದು ಮಾಡಿ ತೋರಿಸಿದವರಲ್ಲಿ ಫ್ರಾನ್ಸ್ ದೇಶದ ಉಪಾಧ್ಯಾಯ ಸೆಲೆಸ್ತೆನ್ ಫ್ರೆನೆ (1896–1966) ಹೆಸರಾದವರು. ಮೊದಲನೆಯ ಮಹಾಯುದ್ಧದಲ್ಲಿ ಶ್ವಾಸಕೋಶಕ್ಕೆ ಪೆಟ್ಟು ಬಿದ್ದು, ಗಂಟೆಗಟ್ಟಲೆ ಗಟ್ಟಿಯಾಗಿ ಪಾಠ ಹೇಳುವ ಶಕ್ತಿ ಅವರಿಗೆ ಉಳಿದಿರಲಿಲ್ಲ. 1920ರಲ್ಲಿ ಬಾರ್-ಸ್ಯುರ್-ಲೂ ಎಂಬ ಬೆಟ್ಟದೂರಿನ ಶಾಲೆಗೆ ಬಂದವರು ಮಕ್ಕಳನ್ನು ಹೊರಗೆ ತಿರುಗಾಡಿಸಿ, ಮರಳಿ ಬಂದು ಕಂಡದ್ದನ್ನು ಹಲಗೆಯ ಮೇಲೆ ಬರೆಸತೊಡಗಿದರು. 1924ರಲ್ಲಿ ಒಂದು ಸಣ್ಣ ಮುದ್ರಣಯಂತ್ರವೇ ತರಗತಿಗೆ ಬಂದಿತು. ಮಕ್ಕಳು ತಂತಮ್ಮ ಸುದ್ದಿಯನ್ನು ಬರೆದು ಓದುವರು. ಯಾವುದು ಅಚ್ಚಾಗಬೇಕೆಂಬುದನ್ನು ತಾವೇ ಆರಿಸುವರು. ಎಲ್ಲರೂ ಕೂಡಿ ತಿದ್ದುವರು. ಆಮೇಲೆ ಒಂದೊಂದೇ ಅಚ್ಚುಮೊಳೆಯನ್ನು ಕೈಯಿಂದ ಜೋಡಿಸುವರು. ಒಂದು ಮೊಳೆ ತಪ್ಪಿದರೆ ಅಷ್ಟೂ ಪ್ರತಿಗಳಲ್ಲಿ ತಪ್ಪು. ಹೀಗಾಗಿ ಅಕ್ಷರಶುದ್ಧಿಯನ್ನು ಬೆತ್ತ ಹಿಡಿದು ಕಲಿಸುವ ಅಗತ್ಯವೇ ಬೀಳದು. 1926ರಲ್ಲಿ ಈ ಹಾಳೆಗಳು ಬ್ರಿಟನಿ ಪ್ರಾಂತದ ತ್ರೆಗಂಕ್ ಎಂಬ ಕಡಲ ಕರೆಯ ಊರಿನ ಶಾಲೆಗೆ ಅಂಚೆಯಲ್ಲಿ ಹೋಗತೊಡಗಿದವು, ಅಲ್ಲಿಂದಲೂ ಬಂದವು. ಬೆಟ್ಟದ ಮಗುವಿನ ದಿನನಿತ್ಯದ ಮಾತು ಕಡಲ ಮಗುವಿಗೆ ಹೊಸ ಸುದ್ದಿ. ಯಾರು ಓದಬೇಕೆಂದು ಬರೆಯುವುದು ಎಂಬ ಪ್ರಶ್ನೆಗೆ ಅಲ್ಲಿ ಎಡೆಯೇ ಇರಲಿಲ್ಲ.

ನಮ್ಮಲ್ಲಿ ಅಚ್ಚುಮೊಳೆಯ ಉಪಾಯ ಸಾಗುತ್ತಿರಲಿಲ್ಲ. ಕನ್ನಡದ ಗುಣಿತ, ಒತ್ತುಗಳ ಮೊಳೆಗಳನ್ನೆಲ್ಲ ಹರಡಿದರೆ ಮಕ್ಕಳು ಕೂರಲು ಜಾಗವಿರದು. ಹಳೆಯ ಅಚ್ಚುಕೂಟವನ್ನು ಕಂಡವರನ್ನು ಕೇಳಿ ನೋಡಿ. ಆದರೆ ಸುಣ್ಣದ ಕಡ್ಡಿಯೂ ಒಂದಿಷ್ಟು ಹುರಿಯೂ ಆ ಕೆಲಸವನ್ನು ಬಹುಮಟ್ಟಿಗೆ ಮಾಡಬಲ್ಲವು. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಮೊದಲಾದ ‘ನಲಿ-ಕಲಿ’ ಪದ್ಧತಿಯ ತರಗತಿಗಳಲ್ಲಿ ಗೋಡೆಯ ಕೆಳಭಾಗದಲ್ಲಿ, ಮಗುವಿನ ಕೈಗೆಟುಕುವಷ್ಟು ಎತ್ತರದಲ್ಲಿ, ಕಪ್ಪುಹಲಗೆ ಬಂದಿತು. ಮಕ್ಕಳು ಬರೆದದ್ದನ್ನೂ ಬಿಡಿಸಿದ ಚಿತ್ರಗಳನ್ನೂ ತೂಗುಹಾಕಲು ತಲೆಯ ಮೇಲೆ ಹುರಿ ಕಟ್ಟಿದರು. ಅದಕ್ಕೆ ಚಪ್ಪರವೆಂದೇ ಹೆಸರಿಟ್ಟರು. ಮದುವೆಮನೆಯ ಮಾತನ್ನು ಶಾಲೆಗೆ ತಂದವರು ರಸಿಕರೇ ಸರಿ.

ಇನ್ನು ನನ್ನದೇ ಒಂದು ತಪ್ಪನ್ನು ಹೇಳಬೇಕು. ನಾನು ಪ್ರೌಢಶಾಲೆಯಲ್ಲಿ ಕನ್ನಡ ಪಾಠ ಹೇಳುವವನು. ತಿದ್ದುವುದು ನನ್ನ ಕೈಗಂಟಿದ ಚಾಳಿ. ಒಮ್ಮೆ ಒಂದು ಹಳ್ಳಿಯ ಪ್ರಾಥಮಿಕ ಶಾಲೆಗೆ ಹೋಗಿದ್ದೆ. ಎರಡನೆಯ ತರಗತಿಯ ಹುಡುಗಿಯೊಬ್ಬಳು ಹಲಗೆಯ ಮೇಲೆ ಅಂದಿನ ವರ್ತಮಾನ ಬರೆದಿದ್ದಳು: “ನಮ್ಮೆಮ್ಮೆ ಈದೈತೆ. ಅವ್ವ ಗಿಣ್ಣು ಮಾಡವ್ಳೆ.” ನಾನು ಸುಣ್ಣದ ಕಡ್ಡಿ ತೆಗೆದುಕೊಂಡು “ನಮ್ಮ ಎಮ್ಮೆ ಕರು ಹಾಕಿದೆ. ತಾಯಿಯು ಗಿಣ್ಣು ಮಾಡಿದ್ದಾಳೆ” ಎಂದು ತಿದ್ದಿದೆ. ಹುಡುಗಿ ಏನೂ ಅನ್ನದೆ ಹೋಗಿ ತನ್ನ ಜಾಗದಲ್ಲಿ ಕುಳಿತಳು. ಅಂದು ಮತ್ತೆ ಬಾಯಿಬಿಡಲಿಲ್ಲ.

ಮನೆಗೆ ಬರುವ ದಾರಿಯಲ್ಲಿ ನನಗೆ ಹೊಳೆಯಿತು. ‘ಈ’ ಎಂಬುದು ಅಚ್ಚಗನ್ನಡದ ಹಳೆಯ ಧಾತು. ತಮಿಳಿನ ‘ಈನ್’ ಇದರ ಒಡಹುಟ್ಟು. ಒಂದೇ ಧಾತುವಿನಲ್ಲಿ ಹುಡುಗಿ ಹೇಳಿದ್ದನ್ನು ನಾನು ‘ಕರು ಹಾಕಿದೆ’ ಎಂದು ಎರಡು ಮಾತಿಗೆ ಹಿಗ್ಗಿಸಿ, ಪಂಡಿತನೆಂದು ಬೀಗಿದ್ದೆ!

ಅಲ್ಲಿಯ ಉಪಾಧ್ಯಾಯಿನಿಯವರ ರೀತಿಯೇ ಬೇರೆ. ಮರುದಿನ ಆಕೆ ಹಲಗೆಯ ಮೇಲೆ ಒಂದು ಪ್ರಶ್ನೆ ಬರೆದರಂತೆ: “ನಿಮ್ಮ ಎಮ್ಮೆ ಈದಿದೆಯಲ್ಲ, ಕರು ಹೆಣ್ಣೋ ಗಂಡೋ?” ಗ್ರಂಥಸ್ಥ ರೂಪ ಮಗುವಿನ ಕಣ್ಣೆದುರಿಗೆ ಬಂದಿತು; ಆಕೆಯ ಸುದ್ದಿಗೂ ಮರ್ಯಾದೆ ಸಂದಿತು. ಹುಡುಗಿ “ಎಣ್ಣು. ಅಣೆ ಮ್ಯಾಲೆ ಬಿಳಿ ಬೊಟ್ಟು ಐತೆ” ಎಂದು ಬರೆದಳಂತೆ. ಹಕಾರವನ್ನು ಆಕೆ ಆ ವಾರ ಮುಟ್ಟಲಿಲ್ಲ. ಪ್ರೌಢಶಾಲೆಗೆ ಬರುವ ಹೊತ್ತಿಗೆ ಎಷ್ಟೋ ಮಕ್ಕಳು ‘ಗೋವು’ ಎಂಬ ವಿಷಯದ ಮೇಲೆ ಒಂದು ಪುಟ ಬಾಯಿಪಾಠ ಒಪ್ಪಿಸುತ್ತಾರೆ, ತಮ್ಮ ಮನೆಯ ಹಸುವಿನ ಬಗ್ಗೆ ಮೂರು ಸಾಲು ಬರೆಯಲಾರರು. ಅದಕ್ಕೆ ನನ್ನಂಥವರ ಸುಣ್ಣದ ಕಡ್ಡಿಯೂ ಕಾರಣವೆಂದು ಒಪ್ಪಿಕೊಳ್ಳುತ್ತೇನೆ.

ಸುದ್ದಿ ದಿನದಿನವೂ ಕೂಡಿಬಂದರೆ ಅದೇ ಒಂದು ಯೋಜನೆಯಾಗುತ್ತದೆ. ಮಳೆಯನ್ನೇ ತೆಗೆದುಕೊಳ್ಳಿ. ಬಾಯಿಯಿಂದ ತಳದವರೆಗೆ ಒಂದೇ ಅಗಲವಿರುವ ಡಬ್ಬಿಯನ್ನು ಬಯಲಿನಲ್ಲಿಟ್ಟು, ನಿಂತ ನೀರಿನ ಎತ್ತರವನ್ನು ಅಳತೆಪಟ್ಟಿಯಿಂದ ಅಳೆದರೆ ಅಷ್ಟು ಮಿಲಿಮೀಟರು ಮಳೆ. ಒಂದು ಚದರ ಮೀಟರಿನ ಮೇಲೆ ಒಂದು ಮಿಲಿಮೀಟರು ಮಳೆಯೆಂದರೆ ಒಂದು ಲೀಟರು ನೀರು. ತರಗತಿಯ ಮಾಡು 60 ಚದರ ಮೀಟರಿದ್ದು, ರಾತ್ರಿ 10 ಮಿಲಿಮೀಟರು ಬಿದ್ದಿದ್ದರೆ 600 ಲೀಟರು, ಅಂದರೆ 15 ಲೀಟರಿನ ಕೊಡ 40. ಮಗ್ಗಿ ಬೇಸರವೆನ್ನುವ ಹುಡುಗನೂ ಈ ಕೊಡಗಳನ್ನು ಬಿಡದೆ ಎಣಿಸುತ್ತಾನೆ. ಮನೆಯಲ್ಲಿ ಅಜ್ಜನಿದ್ದರೆ ಮಳೆಯ ಹೆಸರನ್ನೂ ಕೇಳಿ ಬರೆಯಬಹುದು. ಆರಿದ್ರ ಜೂನ್ 21–22ರ ಸುಮಾರಿಗೆ ಹುಟ್ಟಿ ಹದಿಮೂರು ಹದಿನಾಲ್ಕು ದಿನ ಇರುತ್ತದೆ, ಆಮೇಲೆ ಪುನರ್ವಸು.

ಪಟ್ಟಣದ ಮನೆಯಲ್ಲಿಯೂ ಇದಕ್ಕೆ ಅಡ್ಡಿಯಿಲ್ಲ, ತಾರಸಿ ಸಾಕು. “ಏನು ಕಲಿತೆ?” ಎಂಬುದರ ಬದಲು “ಇವೊತ್ತು ಹಲಗೆಯ ಮೇಲೆ ಯಾರ ಸುದ್ದಿ ಬಂದಿತ್ತು?” ಎಂದು ಒಮ್ಮೆ ಕೇಳಿ ನೋಡಿ. ಡಬ್ಬಿಯನ್ನು ಮಾತ್ರ ಗೋಡೆಯಿಂದಲೂ ಮರದಿಂದಲೂ ದೂರ ಇಡಿಸಿ. ದಿನವೂ ಬೆಳಗ್ಗೆ ಒಂದೇ ಹೊತ್ತಿಗೆ ಅಳೆದು ಬರೆದುಕೊಂಡು, ನೀರನ್ನು ಚೆಲ್ಲಿ ಮತ್ತೆ ಇಡಬೇಕು.