ಪತ್ತೇದಾರಿ ಓದುವವನು ಬೇರೆ ಕಾದಂಬರಿ ಯಾಕೆ ಓದಬೇಕು?

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಕಡೆ ಬಸ್ಸಲ್ಲಿ ಕೂತು ಇಯರ್‌ಫೋನ್ ಹಾಕ್ಕೊಂಡು ಕೇಳ್ತಿರೋರೇ, ಇವತ್ತಿನ ಎಪಿಸೋಡ್ ನಿಮಗೇ.

ಬಿ.ಕಾಂ. ಓದೋವಾಗ ನಾನು ಪತ್ತೇದಾರಿ ಕಾದಂಬರಿ ಬಿಟ್ಟು ಬೇರೇನೂ ಮುಟ್ಟುತ್ತಿರಲಿಲ್ಲ. ಎನ್. ನರಸಿಂಹಯ್ಯ ಅವರ ಪತ್ತೇದಾರ ಪುರುಷೋತ್ತಮ ಕೈಯಲ್ಲಿದ್ದರೆ ಬಸ್ಸು ಮೈಸೂರು ತಲುಪಿದ್ದೇ ಗೊತ್ತಾಗ್ತಿರಲಿಲ್ಲ. ಮಿಕ್ಕಿದ್ದೆಲ್ಲ ಪರೀಕ್ಷೆಗೆ ಓದೋ ಪುಸ್ತಕ ಅಂದುಕೊಂಡಿದ್ದೆ.

ಒಂದು ಸಲ ಪೂರ್ಣಚಂದ್ರ ತೇಜಸ್ವಿಯವರ 'ಜುಗಾರಿ ಕ್ರಾಸ್' ತಗೊಂಡೆ. ಥ್ರಿಲ್ಲರ್ ಅಂತ ಯಾರೋ ಹೇಳಿದ್ರು. ಹೌದು, ಥ್ರಿಲ್ಲರೇ. ಆದರೆ ಕಥೆ ಶುರುವಾಗೋದು ಏಲಕ್ಕಿ ಬೆಳೆಗಾರ ದಂಪತಿ ಸುರೇಶ ಮತ್ತು ಗೌರಿಯಿಂದ. ಬೆಳೆದವನು ಒಬ್ಬ, ದುಡ್ಡು ಮಾಡೋನು ಇನ್ನೊಬ್ಬ. ಓದ್ತಾ ಓದ್ತಾ ಪುಸ್ತಕ ಮುಚ್ಚಿ ಕೂತೆ. ನಮ್ಮ ಮನೆಯಲ್ಲೂ ಹೊಗೆಸೊಪ್ಪು. ಅಪ್ಪ ಬೇಲು ಹೇರಿಕೊಂಡು ಹರಾಜಿಗೆ ಹೋಗಿ ಬರೋದನ್ನ ಚಿಕ್ಕಂದಿನಿಂದ ನೋಡಿದ್ದೆ. ಲೆಕ್ಕಶಾಸ್ತ್ರದಲ್ಲಿ ಒಳ್ಳೇ ಮಾರ್ಕ್ಸ್ ತಗೊಂಡವನು ಮನೆ ಲೆಕ್ಕ ಒಂದು ದಿನವೂ ಕೇಳಿರಲಿಲ್ಲ.

ಅವತ್ತು ರಾತ್ರಿ ಕೇಳಿದೆ: "ಅಪ್ಪ, ಈ ಸಲ ಸೌದೆ, ಕೂಲಿ ಎಲ್ಲ ಕಳೆದ್ರೆ ಎಷ್ಟು ಉಳೀತು?"

"ಯಾಕ್ಲಾ, ಇವತ್ತು ಕೇಳ್ತಿದ್ದೀಯ?" ಅಂದ್ರು. ಆಮೇಲೆ ಒಳಗಿಂದ ಒಂದು ಹಳೇ ಡೈರಿ ತಂದು ಮುಂದಿಟ್ರು. ಸಾಲದ ಪುಟ ಅವತ್ತೇ ಮೊದಲು ನೋಡಿದ್ದು.

ಈಗ ಮುಖ್ಯ ವಿಷಯಕ್ಕೆ ಬರ್ತೀನಿ. ಬೇರೆ ಥರದ ಕಾದಂಬರಿ ನಮಗೆ ಯಾಕೆ ಬೋರ್ ಹೊಡೆಯುತ್ತೆ? ಒಂದೊಂದು ಪ್ರಕಾರ ಓದುಗನಿಗೆ ಒಂದೊಂದು ಅಭ್ಯಾಸ ಕಲಿಸುತ್ತೆ. ಪತ್ತೇದಾರಿ ಓದೋನು ಪ್ರತಿ ಸಾಲಲ್ಲೂ ಸುಳಿವು ಹುಡುಕ್ತಾನೆ. ಸಿಗದಿದ್ದರೆ 'ಏನೂ ಆಗ್ತಾನೇ ಇಲ್ಲ' ಅಂತ ಬಿಟ್ಟುಬಿಡ್ತಾನೆ. ನಿಜವಾಗಿ ಅಲ್ಲಿ ಏನೋ ಆಗ್ತಿರುತ್ತೆ, ನಾವು ಹಳೇ ಪ್ರಶ್ನೆ ಹಿಡ್ಕೊಂಡು ಕೂತಿರ್ತೀವಿ ಅಷ್ಟೇ.

ಇದಕ್ಕೆ ಉದಾಹರಣೆ ನಮ್ಮ ಪಕ್ಕದಲ್ಲೇ ಇದೆ: ದೇವನೂರ ಮಹಾದೇವ ಅವರ 'ಕುಸುಮಬಾಲೆ'. 1990ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದ ಕಾದಂಬರಿ, ನಂಜನಗೂಡು ಸೀಮೆಯ ಮಾತಲ್ಲಿದೆ. ಅದರಲ್ಲೂ ಒಂದು ಕೊಲೆ ಇದೆ, ಆದರೆ ಪತ್ತೇದಾರ ಇಲ್ಲ. ಜಾತಿಯ ಕಾರಣಕ್ಕೆ ಆದ ಕೊಲೆಯನ್ನ ಒಂದು ಊರು ಹೇಗೆ ಅರಗಿಸಿಕೊಳ್ಳುತ್ತೆ ಅನ್ನೋದೇ ಅಲ್ಲಿ ಪ್ರಶ್ನೆ. ದೀಪದ ಜೋತಮ್ಮಗಳು ಕೂತು ಮಾತಾಡ್ತಾವೆ. ನಾನು ಎರಡು ಸಲ ಅರ್ಧಕ್ಕೆ ಬಿಟ್ಟಿದ್ದೆ. ಮೂರನೇ ಸಲ ಅವ್ವನ ಮುಂದೆ ಜೋರಾಗಿ ಓದಿದೆ. ನಾನು ತಡವರಿಸಿದ ಕಡೆ ಅವ್ವನೇ ಸರಿಯಾಗಿ ಹೇಳಿಕೊಟ್ಟಳು. ಕಣ್ಣಿಗೆ ಕಷ್ಟವಾಗಿದ್ದು ಕಿವಿಗೆ ಮನೆ ಮಾತೇ ಆಗಿತ್ತು.

ನೀವೂ ಟ್ರೈ ಮಾಡೋದಾದರೆ ಮೂರು ದಾರಿ ಹೇಳ್ತೀನಿ.

ಒಂದು, ಒಮ್ಮೆಲೇ ದೂರ ಹಾರಬೇಡಿ. ನಿಮಗೆ ಇಷ್ಟವಾಗಿದ್ದು ಬೇರೆ ಯಾವ ಪುಸ್ತಕದಲ್ಲಿದೆ ನೋಡಿ. ಸಾಹಸ ಇಷ್ಟನಾ? ತೇಜಸ್ವಿಯವರ 'ಕರ್ವಾಲೋ' ಓದಿ, ಹಾರುವ ಓತಿಯ ಹುಡುಕಾಟ ಅದು. ಪ್ರೇಮಕಥೆ, ಸಂಸಾರದ ಕಥೆ ಇಷ್ಟನಾ? ತ್ರಿವೇಣಿಯವರ 'ಶರಪಂಜರ' ಓದಿ. ಪುಟ್ಟಣ್ಣ ಕಣಗಾಲ್ 1971ರಲ್ಲಿ ಮಾಡಿದ ಸಿನಿಮಾ ನೋಡಿದ್ದರೆ ಒಳಗೆ ಹೋಗೋದು ಇನ್ನೂ ಸುಲಭ. ಸಾಮಾಜಿಕ ಕಾದಂಬರಿ ಮಾತ್ರ ಓದೋರಾದರೆ ಎಸ್.ಎಲ್. ಭೈರಪ್ಪನವರ 'ಯಾನ' ನಿಮ್ಮನ್ನ ಬಾಹ್ಯಾಕಾಶಕ್ಕೇ ಕರ್ಕೊಂಡು ಹೋಗುತ್ತೆ.

ಎರಡು, ಮೂವತ್ತು ಪುಟ ಟೈಮ್ ಕೊಡಿ. ಅಲ್ಲಿತನಕ 'ಮುಂದೇನಾಯ್ತು' ಅನ್ನೋದು ಬಿಟ್ಟು 'ಇವರು ಯಾಕೆ ಹೀಗಿದ್ದಾರೆ' ಅಂತ ಕೇಳಿಕೊಳ್ಳಿ. ಆಮೇಲೂ ಹಿಡಿಸಲಿಲ್ವಾ, ಧಾರಾಳವಾಗಿ ಬಿಡಿ, ಪಾಪ ಏನೂ ಬರಲ್ಲ.

ಮೂರು, ಗ್ರಂಥಾಲಯದಿಂದ ತನ್ನಿ. ಸ್ವಂತ ದುಡ್ಡು ಹಾಕಿಲ್ಲದಿದ್ದರೆ ಹೊಸದನ್ನ ಮುಟ್ಟೋಕೆ ಧೈರ್ಯ ಜಾಸ್ತಿ.

ಪುರುಷೋತ್ತಮನನ್ನ ನಾನು ಬಿಟ್ಟಿಲ್ಲ ಮತ್ತೆ, ಈಗಲೂ ಓದ್ತೀನಿ. ಹೊಗೆಸೊಪ್ಪಿನ ಲೆಕ್ಕ ಈಗ ಅಪ್ಪ, ನಾನು ಇಬ್ಬರೂ ಕೂತು ಬರೀತೀವಿ. ನೀವು ಯಾವತ್ತೂ ಮುಟ್ಟದ ಥರದ ಒಂದು ಪುಸ್ತಕ ಈ ವಾರ ತಗೊಳ್ಳಿ, ಓದಿ ಹೇಗಿತ್ತು ಅಂತ ವಾಯ್ಸ್ ಮೆಸೇಜ್ ಕಳಿಸಿ. ಮುಂದಿನ ವಾರ ಸಿಗೋಣ.